ಬೆವರಿನ ಪ್ರಯೋಗ

ನಾಗರತ್ನಾ, ನಿನ್ನ ಪ್ರಯೋಗವನ್ನು ಸಮಿತಿ ತಿರಸ್ಕರಿಸಲಿಲ್ಲ. ಸಮಿತಿ ಅದನ್ನು ನೋಡಲೇ ಇಲ್ಲ. ಸಭೆಯ ಹಿಂದಿನ ದಿನ ಪಟ್ಟಿಯಿಂದ ಅದನ್ನು ಹೊಡೆದುಹಾಕಿದವಳು ನಾನು. ಹನ್ನೊಂದು ವರ್ಷದಿಂದ ಈ ಮಾತು ನನ್ನೊಬ್ಬಳಲ್ಲೇ ಉಳಿದಿದೆ.

ಆಗ ಶಿಕಾರಿಪುರದ ನಮ್ಮ ಪುಟ್ಟ ಪ್ರಯೋಗಾಲಯದಲ್ಲಿ ಇದ್ದದ್ದು ನಾವಿಬ್ಬರೇ. ಮಂಗನ ಕಾಯಿಲೆ ಹರಡುವ ಉಣುಗುಗಳು ಮೈಗೆ ಹತ್ತದಂತೆ ತಡೆಯುವ ಒಂದು ಎಣ್ಣೆಯನ್ನು ಪರೀಕ್ಷಿಸುತ್ತಿದ್ದೆವು. ಯಾವ ಯಾವ ಪ್ರಯೋಗ ಮಾಡಬಹುದೆಂದು ಪಟ್ಟಿ ಬರೆದು ಸಮಿತಿಯ ಮುಂದಿಡುವುದು ನನ್ನ ಕೆಲಸ. ಮೊದಲು ನಾನು ಬರೆದದ್ದು ಎರಡೇ—ಎಣ್ಣೆ ಸವರಿದ ಬಟ್ಟೆಯ ಮೇಲೆ ಉಣುಗು ಬಿಟ್ಟು ನೋಡುವುದು, ಎಣ್ಣೆಯ ಪ್ರಮಾಣ ಹೆಚ್ಚು ಕಡಿಮೆ ಮಾಡಿ ನೋಡುವುದು. ನೀನು ಬಾಗಿಲ ಬಳಿ ನಿಂತೇ ಹೇಳಿದೆ:

“ಮೇಡಂ, ನಮ್ಮಮ್ಮ ಕ್ಯಾಸನೂರು ಕಡೆ ಕಾಡಲ್ಲಿ ಒಣಗಿದೆಲೆ ಗುಡಿಸಿ ಹೊರೆ ಹೊತ್ಕಂಡು ಬರ್ತಾರೆ. ಅರ್ಧ ದಾರಿಗೇ ಮೈಯೆಲ್ಲ ನೀರಾಗಿರುತ್ತೆ. ಬೆವರಿದ ಮೇಲೂ ಈ ಎಣ್ಣೆ ನಿಲ್ಲುತ್ತಾ ಅಂತ ನೋಡ್ಬೇಕಲ್ರೀ?”

ಮೂರನೆಯದಾಗಿ ಅದನ್ನೂ ಪಟ್ಟಿಗೆ ಸೇರಿಸಿದೆ. ಸಭೆಯ ಹಿಂದಿನ ದಿನ ಹೊಡೆದುಹಾಕುವಾಗ, ಇದನ್ನೂ ಇಟ್ಟುಕೊಂಡರೆ ಇನ್ನೊಂದು ಬೇಸಿಗೆ ಕಾಯಬೇಕು—ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳಲ್ಲ. ಆದರೆ ಕಾರಣ ಅದಾಗಿರಲಿಲ್ಲ. ಇಪ್ಪತ್ತು ವರ್ಷ ಉಣುಗುಗಳ ಜೊತೆಗೇ ಕಳೆದ ನನಗೆ ಹೊಳೆಯದ ಪ್ರಶ್ನೆ, ಆರು ತಿಂಗಳ ಹಿಂದೆ ಸಹಾಯಕಿಯಾಗಿ ಬಂದ ನಿನಗೆ ಹೊಳೆದಿತ್ತು. ಸಭೆಯಲ್ಲಿ ಯಾರಾದರೂ ‘ಇದು ಯಾರ ಆಲೋಚನೆ’ ಎಂದು ಕೇಳಿದರೆ... ನಿನ್ನ ಹೆಸರು ಹೇಳುವಷ್ಟು ಮನಸ್ಸು ನನಗಿರಲಿಲ್ಲ.

ಮರುದಿನ ಸಭೆ ಮುಗಿಸಿ ಬಂದು, “ದೊಡ್ಡೋರಿಗೆ ಒಪ್ಪಿಗೆ ಆಗ್ಲಿಲ್ಲ ಕಣೇ” ಎಂದೆ. ಆಮೇಲೆ ನೀನು ಯಾವ ಪ್ರಯೋಗದ ಬಗ್ಗೆಯೂ ಬಾಯಿಬಿಡಲಿಲ್ಲ. ವರ್ಷ ತುಂಬುವ ಮೊದಲೇ ಕೆಲಸ ಬಿಟ್ಟು ನಿನ್ನೂರು ಜಡೆಗೆ ಹೊರಟುಹೋದೆ.

ಇನ್ನೂ ಇದೆ. ಮರುವರ್ಷದ ಬೇಸಿಗೆಯಲ್ಲಿ ಆ ಪ್ರಯೋಗವನ್ನು ನಾನೇ ಮಾಡಿದೆ. ಎಣ್ಣೆ ಸವರಿದ ಬಟ್ಟೆಯನ್ನು ತೋಳಿಗೆ ಸುತ್ತಿಕೊಂಡು ಬಿಸಿಲಲ್ಲಿ ನಡೆದೆ. ಬೆವರಿಗೆ ನೆಂದ ಮೇಲೆ ಬಿಚ್ಚಿ, ತಟ್ಟೆಯಲ್ಲಿಟ್ಟು, ಉಣುಗುಗಳನ್ನು ಬಿಟ್ಟೆ. ಎಣ್ಣೆ ಸವರಿದ ಒಣಬಟ್ಟೆಯಿಂದ ದೂರ ಸರಿದಿದ್ದ ಉಣುಗುಗಳೇ ಇದನ್ನು ಹತ್ತಿದವು—ಒಂದೊಂದಾಗಿ. ನಿನ್ನನ್ನು ಕೂಗಿ ತೋರಿಸಬೇಕೆಂದು ತಿರುಗಿದೆ. ಕೋಣೆಯಲ್ಲಿ ಯಾರೂ ಇರಲಿಲ್ಲ.

ವರದಿಯಲ್ಲಿ ನನ್ನ ಹೆಸರೊಂದನ್ನೇ ಬರೆದೆ. ‘ಬೆವರಿದರೆ ಮತ್ತೆ ಸವರಿಕೊಳ್ಳಿ’ ಎಂದು ಸೀಸೆಯ ಮೇಲೆ ಅಚ್ಚಾಯಿತು. ನನಗೆ ಶಾಲು ಹೊದಿಸಿದರು, ಹೊದಿಸಿಕೊಂಡೆ.

ನಿವೃತ್ತಿಯಾದ ಮೇಲೆ ನಾನು ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಹೋದ ತಿಂಗಳು ಸೊರಬದ ಬಸ್ ನಿಲ್ದಾಣದಲ್ಲಿ ನೀನೇ ಗುರುತು ಹಿಡಿದು ಹತ್ತಿರ ಬಂದೆ. ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಿರುವೆಯಂತೆ.

“ಆ ಪ್ರಯೋಗಗೀಯೋಗ ನಮ್ ತಲೆಗಲ್ಲ ಬಿಡ್ರೀ ಮೇಡಂ. ದೊಡ್ಡೋರು ಅವತ್ತೇ ಹೇಳಿದ್ರಲ್ಲ” ಎಂದು ನೀನು ನಕ್ಕೆ.

ಆಗಲೇ ಹೇಳಬಹುದಿತ್ತು. ಶಿಕಾರಿಪುರದ ಬಸ್ಸು ಬಂತು—ನಾನು ಹತ್ತಿಬಿಟ್ಟೆ.

ಆ ಪ್ರಯೋಗ ಯಾರದೆಂದು ಸಮಿತಿಗೆ ಬರೆದು ಇವತ್ತು ಅಂಚೆಗೆ ಹಾಕಿದ್ದೇನೆ. ಅವರು ಏನು ಮಾಡುವರೋ ತಿಳಿಯದು. ಏನು ಮಾಡಿದರೂ ನಿನ್ನ ಹನ್ನೊಂದು ವರ್ಷ ತಿರುಗಿ ಬರುವುದಿಲ್ಲ.

ಕ್ಷಮಿಸು ಎಂದು ಕೇಳಲಾರೆ, ನಾಗರತ್ನಾ. ನಿನ್ನ ಸ್ವಭಾವ ನನಗೆ ಗೊತ್ತು—ಕೇಳಿದರೆ ಕ್ಷಮಿಸಿಬಿಡುತ್ತೀಯ.