ಜ್ವರ ಬಿಟ್ಟ ಮೇಲಿನ ದಿನಗಳು

ಉಣ್ಣಿ ಎಂದರೆ ಕಾಜಿಸ್‌ಗೆ ನಗು. ಲಿಥುವೇನಿಯದ ಆ ಹಳ್ಳಿಯಲ್ಲಿ ಬೇಸಿಗೆ ಬಂತೆಂದರೆ ಹಣ್ಣಿಗೋ ಅಣಬೆಗೋ ಎಲ್ಲರೂ ಕಾಡು ಹೊಗುವವರೇ. ಇವನೊಬ್ಬ ಅತ್ತ ಸುಳಿದವನಲ್ಲ. ಹಗಲು ಶಾಲೆಯ ಎಲೆಕ್ಟ್ರಿಷಿಯನ್, ಸಂಜೆ ಮದುವೆಮನೆಗಳಲ್ಲಿ ಅಕಾರ್ಡಿಯನ್ ವಾದಕ. ಹೆಂಡತಿ ಎಲೆನೊರಾ ಅರಣ್ಯದ ಸಸಿತೋಟದಲ್ಲಿ ದುಡಿಯುತ್ತಿದ್ದಾಗ ಉಣ್ಣಿಜ್ವರ ಬಾರದಂತೆ ಸೂಜಿ ಹಾಕಿಸಿಕೊಂಡಿದ್ದಳು. "ನೀನೂ ಹಾಕಿಸ್ಕೊಳ್ಳೋ" ಎಂದರೆ, "ಉಣ್ಣಿ ಏನು ಬಾಗಿಲು ತಟ್ಟಿ ಒಳಗೆ ಬರುತ್ತಾ?" ಎಂದು ಹಾಸ್ಯ ಮಾಡುತ್ತಿದ್ದ.

ಆ ಕೆಲಸ ಬಿಟ್ಟ ಮೇಲೆ ಅವಳು ಆಡು ಸಾಕಿದಳು. ಅವು ಕಾಡಂಚಿನಲ್ಲಿ ಮೇಯ್ದು ಬಂದಾಗ ಕಿವಿಯ ಹಿಂದೆ ಕಚ್ಚಿಕೊಂಡ ಉಣ್ಣಿಗಳನ್ನು ಕಿತ್ತು ಒಲೆಗೆ ಹಾಕುವಳು. ಹಾಲನ್ನು ಮಾತ್ರ ಯಾರೂ ಕಾಸುತ್ತಿರಲಿಲ್ಲ. ಕಾಜಿಸ್‌ಗೆ ಕರೆದ ಬಿಸಿಯಲ್ಲೇ ಒಂದು ಲೋಟ ಬೇಕು. ಪಕ್ಕದ ಮನೆಯಲ್ಲಿದ್ದ ಎಲೆನೊರಾಳ ಅಕ್ಕ ಮಾರ್ಸೆಲೆಗೂ ಒಂದು ಜಗ್ ಹೋಗುತ್ತಿತ್ತು. ಎಲೆನೊರಾಗೆ ಹಾಲು ಸೇರದು. ಅವಳದೇನಿದ್ದರೂ ಕರೆಯುವ ಕೆಲಸ.

ಜೂನ್‌ನಲ್ಲಿ ಕಾಜಿಸ್‌ಗೆ ಜ್ವರ ಬಂತು, ಮೈಕೈ ನೋವು. ನಾಲ್ಕಾರು ದಿನದಲ್ಲಿ ಬಿಟ್ಟೂ ಹೋಯಿತು. ಎದ್ದು ಕೂತು ತಣ್ಣನೆಯ ಬೀಟ್ರೂಟ್ ಸಾರು ಎರಡು ಬಟ್ಟಲು ಬಡಿದ. "ಸಾಯೋಕೆ ಬಿಡುವಿಲ್ಲ ಕಣೆ, ಸಂತ ಜಾನನ ಹಬ್ಬಕ್ಕೆ ನಾನು ನುಡಿಸ್ಬೇಕು" ಎಂದ. ವಾರ ಕಳೆಯಿತು. ಹಬ್ಬದ ಹಿಂದಿನ ದಿನ ಅಕಾರ್ಡಿಯನ್ ಪಟ್ಟಿ ಹೆಗಲಿಗೇರಿಸಲು ಹೋದವನು ಅದನ್ನು ಕೈಬಿಟ್ಟ. ತಲೆ ಹಿಡಿದುಕೊಂಡು ಗೋಡೆಗೆ ಒರಗಿದ.

"ಏನಾಯ್ತೋ?"

"ಬೆಳಕು... ಪರದೆ ಎಳೀ. ಯಾರು ಅಲ್ಲಿ ನಿಂತಿರೋರು?"

ಅಲ್ಲಿ ನಿಂತಿದ್ದವಳು ಎಲೆನೊರಾಳೇ.

ಪಟ್ಟಣದ ಆಸ್ಪತ್ರೆಯಲ್ಲಿ ಬೆನ್ನಿನಿಂದ ನೀರು ತೆಗೆದು ನೋಡಿದರು. ಉಣ್ಣಿಯ ಸೋಂಕು ಮಿದುಳಿಗೇರಿದೆ ಎಂದರು. "ಕಾಡಿಗೆ ಹೋಗಿದ್ರಾ?" ಎಂದು ಕೇಳಿದರು ವೈದ್ಯೆ.

"ಇಲ್ಲ ಅಮ್ಮಾ, ಅವನು ಕಾಡಿಗೇ ಹೋಗೋನಲ್ಲ."

"ಮನೇಲಿ ಆಡು, ಹಸು ಇದ್ಯಾ? ಹಾಲು ಕಾಸ್ತೀರಾ?"

"ಆಡಿದೆ. ಕಾಸಲ್ಲ" ಎಂದಳು ಎಲೆನೊರಾ. ಉಣ್ಣಿ ಕಚ್ಚಿದ ಆಡಿನ ಹಾಲಲ್ಲೂ ಆ ಸೋಂಕು ಇಳಿಯುತ್ತದಂತೆ. ತನ್ನ ಕೈಯಾರೆ ಕರೆದು, ತನ್ನ ಕೈಯಾರೆ ಕುಡಿಸಿದ್ದು. ಮರುಕ್ಷಣ ಇನ್ನೊಂದು ನೆನಪಾಯಿತು: ಅಕ್ಕ!

ಮಾರ್ಸೆಲೆಗೆ ಫೋನ್ ಮಾಡಿದರೆ ಆಕೆ ನಗುತ್ತಲೇ ಮಾತಾಡಿದಳು. "ನಂಗೂ ಸ್ವಲ್ಪ ಜ್ವರ ಇತ್ತು, ನಿನ್ನೆ ಬಿಡ್ತು. ಈಗ ಕುದುರೆ ಥರ ಇದೀನಿ. ನೀನು ಗಂಡನ್ನ ನೋಡ್ಕೊ."

ಕುದುರೆಯ ಹಾಗಿರುವುದೇ ಎಲೆನೊರಾಗೆ ಭಯ. ಕಾಜಿಸ್ ಕೂಡ ಹೀಗೇ ಗೆಲುವಾಗಿದ್ದನಲ್ಲ! ಅಕ್ಕನ ರಕ್ತ ಪರೀಕ್ಷೆ ಮಾಡಿಸಿದರು, ಅದೇ ಸೋಂಕು. "ಔಷಧಿ ಇಲ್ಲ. ತುಂಬ ಜನಕ್ಕೆ ಮೊದಲ ಜ್ವರಕ್ಕೇ ಮುಗಿಯುತ್ತೆ, ಕೆಲವರಿಗೆ ಮುಗಿಯಲ್ಲ. ಕಾಯ್ಬೇಕು" ಎಂದರು ವೈದ್ಯೆ.

ಆ ಮೇಲಿನ ದಿನಗಳಲ್ಲಿ ಎಲೆನೊರಾ ಅರ್ಧ ಜೀವವಾದಳು. ಆಸ್ಪತ್ರೆಯಲ್ಲಿ ಗಂಡ ಬಡಬಡಿಸುತ್ತಿದ್ದ. ಒಮ್ಮೆ ಅವಳನ್ನು ಅಮ್ಮ ಎಂದ. ಬಲಗೈ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಬಸ್ಸಿಳಿದು ಊರಿಗೆ ಬಂದರೆ ನೇರ ಅಕ್ಕನ ಅಂಗಳಕ್ಕೆ.

"ತಲೆ ನೋವಿದ್ಯಾ? ಕತ್ತು ಬಗ್ಗಿಸು. ಕೈ ಎತ್ತು."

"ಎತ್ತಿದೆ ಮಾರಾಯ್ತಿ, ಪೊಲೀಸರ ಮುಂದೆ ನಿಂತ ಕಳ್ಳಿ ಥರ."

ಒಂದು ಸಂಜೆ ಮಾರ್ಸೆಲೆ ಬಾಗಿಲಲ್ಲೇ ಕೂತಿದ್ದಳು, ಹಣೆಯ ಮೇಲೆ ಅಂಗೈ. ಎಲೆನೊರಾಳ ಕೈಯಿಂದ ಚೀಲ ಜಾರಿತು. ಅಕ್ಕನ ಮುಖ ಎರಡೂ ಕೈಯಲ್ಲಿ ಹಿಡಿದು, "ಎಲ್ಲಿ ನೋವು, ಎಲ್ಲಿ?" ಎಂದು ಚೀರಿದಳು.

"ಏಯ್, ಬಿಸಿಲು ಕಣ್ಣಿಗೆ ಹೊಡೀತಿತ್ತು ಕಣೇ." ಇಷ್ಟು ದಿನ ತಂಗಿಗಾಗಿ ನಗುತ್ತಿದ್ದವಳು ಆಗ ಮೆಲ್ಲಗೆ ಹೇಳಿದಳು: "ದಿನಾ ಕಣ್ಣು ಬಿಟ್ಟ ಕೂಡ್ಲೆ ನನ್ನ ಹೆಸರು ನಾನೇ ಹೇಳ್ಕೊಂಡು ನೋಡ್ತೀನಿ. ನೆನಪಿದ್ಯಾ ಅಂತ." ಅಕ್ಕತಂಗಿಯರು ಅಲ್ಲೇ ಮೆಟ್ಟಿಲ ಮೇಲೆ ಒಬ್ಬರನ್ನೊಬ್ಬರು ತಬ್ಬಿ ಕೂತರು.

ಮಾರ್ಸೆಲೆಗೆ ಎರಡನೆಯ ಸುತ್ತು ಬರಲೇ ಇಲ್ಲ. ಒಂದೇ ಹಾಲು, ಒಬ್ಬರನ್ನು ಕೆಡವಿ ಒಬ್ಬರನ್ನು ಬಿಟ್ಟದ್ದೇಕೆ ಎಂದು ಕೇಳಿದರೆ ವೈದ್ಯೆಯೂ ಗೊತ್ತಿಲ್ಲ ಎಂದರು. ಕಾಜಿಸ್ ಎಲೆ ಉದುರುವ ಹೊತ್ತಿಗೆ ಮನೆಗೆ ಬಂದ. ಬುದ್ಧಿ ನೆಟ್ಟಗಿತ್ತು, ಬಲಗೈ ಮಾತ್ರ ಮೇಲೇಳಲಿಲ್ಲ. ಎಡಗೈಯಲ್ಲಿ ತಿನ್ನುವುದು ಕಲಿತ. ಅಕಾರ್ಡಿಯನ್ನನ್ನು ತಮ್ಮನಿಗೆ ಕೊಟ್ಟುಬಿಟ್ಟ.

ಒಂದು ದಿನ ಊಟದ ನಡುವೆ ಎಲೆನೊರಾ ಚಮಚ ಕೆಳಗಿಟ್ಟಳು. "ನಾನೇ ಕುಡಿಸಿದ್ದು."

"ನಾನೇ ಕೇಳಿ ಕುಡಿದದ್ದು. ಉಣ್ಣು" ಎಂದ ಕಾಜಿಸ್.

ಅವಳು ಉಂಡಳು. ಆದರೂ ಆ ಚಳಿಗಾಲವೆಲ್ಲ, ಅವನು ಕೆಮ್ಮಿದರೂ ಸಾಕು, ಯಾವ ಕೋಣೆಯಲ್ಲಿದ್ದರೂ ಅಲ್ಲಿಂದ ಓಡಿ ಬರುತ್ತಿದ್ದಳು.