ಮಂದಿಯ ಆಸೆ ಓದುವ ಮೆಹರಬಾನು

ಮಸ್ಕಿಯಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಒಲೆಯ ಮೇಲೆ ಚಹಾ ಕುದಿಯುತ್ತಿದೆ. ಹೊಸ್ತಿಲ ಬಳಿ ಕೂತ ಮೆಹರಬಾನು ಮೊಬೈಲಿನಲ್ಲಿ ಸುತ್ತಲಿನ ಊರವರ ಪೋಸ್ಟ್‌ಗಳನ್ನು ಒಂದೊಂದಾಗಿ ಸರಿಸುತ್ತಿದ್ದಾರೆ. ಯಾರೋ ಭತ್ತ ನಾಟಿಯ ಫೋಟೊ ಹಾಕಿದ್ದಾರೆ, ಯಾರೋ ತಾವೇ ಹೊಲಿದ ಕುಪ್ಪಸದ್ದು. "ಹೊಲಕ್ಕ ಹೋಗೂ ಮುಂಚೆ ಮಂದಿ ಮನಸ್ಸಿಂದು ಬರೀತಾರ್ರಿ. ಸಂಜೀಕ ಬರೇ ಗುಡ್‌ನೈಟ್ ಹೂವು" ಎಂದು ನಗುತ್ತಾರೆ.

ಹೊತ್ತು ಕಳೆಯಲು ನೋಡುವುದಲ್ಲ, ಇದೇ ಅವರ ನೌಕರಿ. ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳ ಜನ ಎಲ್ಲರಿಗೂ ಕಾಣುವಂತೆ ಹಾಕುವ ಪೋಸ್ಟ್‌ಗಳನ್ನು ಓದುತ್ತಾರೆ. ಯಾವ ಊರಲ್ಲಿ ಏನು ಕಲಿಯುವ ಆಸೆಯಿದೆ, ಅದು ಯಾರಿಗೆ ಬರುತ್ತದೆ ಎಂದು ನಕ್ಷೆಯಲ್ಲಿ ಗುರುತು ಹಾಕಿ ಸಿಂಧನೂರಿನ ಸಣ್ಣ ತರಬೇತಿ ಕೇಂದ್ರವೊಂದಕ್ಕೆ ಕೊಡುತ್ತಾರೆ. ಅವರು ಸೇರಿದಾಗ ಕೇಂದ್ರ ಬಾಗಿಲು ಮುಚ್ಚುವುದರಲ್ಲಿತ್ತು. ಟೈಪಿಂಗ್ ತರಗತಿಗೆ ಯಾರೂ ಬರುತ್ತಿರಲಿಲ್ಲ.

ಆಗ ಬಳಗಾನೂರಿನ ಹೆಣ್ಣುಮಕ್ಕಳು ನಿಂತ ಸ್ಕೂಟರಿನ ಮೇಲೆ ಕೂತು ಫೋಟೊ ಹಾಕುತ್ತಿದ್ದರು. ಕೇಂದ್ರದ ಕಂಪ್ಯೂಟರು ಅವನ್ನೆಲ್ಲ 'ವಾಹನ ಖರೀದಿ' ಎಂದು ವಿಂಗಡಿಸಿಬಿಟ್ಟಿತ್ತು. ಮೆಹರಬಾನು ಕೆಳಗಿನ ಕಮೆಂಟುಗಳನ್ನೂ ಓದಿದರು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ, ನಡುವೆ ದಖನಿ ಉರ್ದು. ಆಶಾ ಕಾರ್ಯಕರ್ತೆ ಭಾಗ್ಯಶ್ರೀ ಬರೆದಿದ್ದರು: "ಗಾಡಿ ಮನ್ಯಾಗ ಐತಿ. ಕಲಸೋರ್ ಯಾರದಾರ?"

"ಕೊಳ್ಳೂದಲ್ರಿ ಅವರ ಆಸೆ, ಹೊಡಿಯೂದು" ಎನ್ನುತ್ತಾರೆ ಮೆಹರಬಾನು.

ಕಲಿಸುವವರೂ ಹೀಗೆಯೇ ಸಿಕ್ಕರು. ಮುದಗಲ್‌ನ ಖಾತೂನ್‌ಬೀ ತಮ್ಮ ಸೊಸೆಗೆ ಸ್ಕೂಟರ್ ಕಲಿಸುವ ವೀಡಿಯೊವನ್ನು ಸೊಸೆಯೇ ಹಾಕಿದ್ದಳು. ಹುರುಪಿನಲ್ಲಿ ಮೆಹರಬಾನು ಆ ಹೆಸರನ್ನು ಕೇಂದ್ರಕ್ಕೆ ಕೊಟ್ಟೇಬಿಟ್ಟರು. ಕೇಂದ್ರದಿಂದ ಫೋನು ಹೋದಾಗ ಎತ್ತಿದ್ದು ಮಗ ಇಶ್ತಿಯಾಕ್. "ನಮ್ಮ ಅಮ್ಮಿ ವೀಡಿಯೊ ನೋಡಿ ಹೆಸರು ಬರಕೊಳ್ಳಾಕ ನೀವ್ಯಾರ್ರಿ?" ಎಂದು ಕೇಳಿ ಇಟ್ಟುಬಿಟ್ಟ.

"ಅವ ಅಂದದ್ದು ಖರೇನ ಇತ್ತು. ಆ ದಿನ ನನಗ ಊಟ ಸೇರಲಿಲ್ಲ" ಎನ್ನುತ್ತಾರೆ ಮೆಹರಬಾನು. ಮರುದಿನ ಲಿಂಗಸುಗೂರಿಗೆ ಹೋಗಿ, ಅಲ್ಲಿಂದ ಮುದಗಲ್ ಬಸ್ಸು ಹಿಡಿದರು. ತಾಯಿ, ಮಗ ಇಬ್ಬರ ಎದುರಿಗೇ ಕ್ಷಮೆ ಕೇಳಿ, ನಕ್ಷೆಯಿಂದ ಹೆಸರು ಅಳಿಸಿದರು.

ಖಾತೂನ್‌ಬೀ ಮಗನ ಕಡೆ ಕೈ ತೋರಿಸಿ ಹೇಳಿದರು. "ಮೊದಲ ನನ್ನ ಕೇಳಬೇಕಿತ್ತು ಬೇಟಿ. ಇವನ್ನ ಅಲ್ಲ, ನನ್ನ." ಇಶ್ತಿಯಾಕ್ ತಲೆ ತಗ್ಗಿಸಿದ. ಅವರೇ ಮುಂದುವರಿಸಿದರು: "ಕಲಸ್ತೀನಿ. ಆದ್ರ ಆ ಹೆಣಮಕ್ಕಳು ಬೀಳೂದು, ಏಳೂದು ಯಾರೂ ವೀಡಿಯೊ ಮಾಡಬಾರದು."

ಅಂದಿನಿಂದ ಕೇಳದೆ ಯಾರ ಹೆಸರನ್ನೂ ಮೆಹರಬಾನು ಗುರುತು ಹಾಕುವುದಿಲ್ಲ. ಶನಿವಾರ ಸಂಜೆ ಬಂದು ಬಳಗಾನೂರಿನ ಸಂಬಂಧಿಕರಲ್ಲಿ ಉಳಿಯುವ ಖಾತೂನ್‌ಬೀ, ಭಾನುವಾರ ಬೆಳಿಗ್ಗೆ ಊರಾಚೆಯ ಬಯಲಿನಲ್ಲಿ ಕಲಿಸುತ್ತಾರೆ. ಭಾಗ್ಯಶ್ರೀ ಈಗ ಕಾಲುವೆಯಾಚೆಯ ಬಾಣಂತಿಯರ ಮನೆಗೆ, ಬಿಡಲು ಗಂಡ ಬರಲೆಂದು ಕಾಯದೆ, ತಾವೇ ಸ್ಕೂಟರ್ ಹೊಡೆದುಕೊಂಡು ಹೋಗುತ್ತಾರೆ. ಇಂಥ ತರಗತಿಗಳಿಂದ ಕೇಂದ್ರವೂ ಉಳಿದಿದೆ.

ಮೊನ್ನೆ ಕೇಂದ್ರದ ಮುಖ್ಯಸ್ಥ ಚನ್ನವೀರ ಪ್ರಚಾರಕ್ಕೆಂದು ತರಗತಿಯ ಒಂದು ವೀಡಿಯೊ ಕೇಳಿದರು. ಒಂದೇ ನಿಮಿಷದ್ದು ಸಾಕು ಎಂದರು. ಮೆಹರಬಾನು ಆಗುವುದಿಲ್ಲ ಎಂದರು. ಚನ್ನವೀರ ಮತ್ತೆ ಕೇಳಲಿಲ್ಲ.

"ಮಂದಿ ಹಾಕಿದ್ದು ಓದೂದು ನನ್ನ ಕೆಲಸರಿ" ಎನ್ನುತ್ತಾರೆ ಚಹಾ ಸೋಸುತ್ತ. "ಅವರು ಹಾಕಬಾರದು ಅಂದದ್ದನ್ನ ಕಾಯೂದೂ ನನ್ನ ಕೆಲಸನ."