ಎಣ್ಣೆಬಾವಿಗೆ ಕನ್ನಡಿ ಹಿಡಿದವಳು

ಒಂದೇ ಒಂದು ಸಲ ಬಿಟ್ಟರೆ, ಬಿಸಿಲಿದ್ದ ದಿನ ಸಾಫ್ತಾ ಊರು ಬಿಟ್ಟು ಹೋದದ್ದನ್ನು ನಾನು ಕಂಡಿಲ್ಲ. ಅವಳ ಗಂಡ ತುದೋಸೆ ಎಣ್ಣೆಬಾವಿ ತೋಡುವವನು. ಒಳಗೆ ದೀಪ ಒಯ್ದರೆ ಅನಿಲಕ್ಕೆ ಬೆಂಕಿ ಹತ್ತಿ ಎಲ್ಲರೂ ಭಸ್ಮ. ಅದಕ್ಕೇ ಬಾವಿಯ ಬಾಯಲ್ಲಿ ಕನ್ನಡಿ ಹಿಡಿದು ಬಿಸಿಲನ್ನು ತಳಕ್ಕೆ ತಿರುಗಿಸಬೇಕು. ಕನ್ನಡಿ ಹಿಡಿಯುವ ಕೆಲಸ ಸಾಫ್ತಾಳದು. ತಿದಿ ತುಳಿದು ತಳಕ್ಕೆ ಗಾಳಿ ಕಳಿಸುವುದು ನೆರೆಮನೆಯ ನಾನು, ಹಗ್ಗ ಹಿಡಿಯುವವನು ತುದೋಸೆಯ ತಮ್ಮ ಗ್ರಿಗೊರೆ.

"ಬೇರೆ ಯಾರು ಹಿಡಿದ್ರೂ ಬೆಳಕು ನಡುಗುತ್ತೆ ಕಣೇ," ಎನ್ನುತ್ತಿದ್ದ ತುದೋಸೆ. ಹೊಗಳಿಕೆಯೇನೋ ಹೌದು, ಆದರೆ ಹೆಂಡತಿಯನ್ನು ಗೂಟಕ್ಕೆ ಕಟ್ಟುವಂಥ ಹೊಗಳಿಕೆ. ಅದರ ದೆಸೆಯಿಂದ ಅವಳಿಗೆ ತಂಗಿಯ ಮದುವೆಯೂ ತಪ್ಪಿತು.

ಇಳಿಯುವ ಮುಂಚೆ ತೋಡುವವನು ಟೊಪ್ಪಿ ತೆಗೆದು, ಮೇಲಿರುವ ಒಬ್ಬೊಬ್ಬರನ್ನೂ "ನನ್ನನ್ನ ಕ್ಷಮಿಸು" ಎಂದು ಕೇಳಬೇಕು. ನಾವು "ದೇವರು ಕ್ಷಮಿಸಲಿ" ಅನ್ನಬೇಕು. ಒಬ್ಬರು ಅನ್ನದಿದ್ದರೂ ಹಗ್ಗ ಬಿಡುವಂತಿಲ್ಲ. ಮುನಿಸಿಕೊಂಡವರ ಕೈಗೆ ಉಸಿರು ಕೊಟ್ಟು ಯಾರು ತಾನೇ ಇಳಿದಾರು?

ಆ ವರ್ಷ ಎದುರು ಬೆಟ್ಟಕ್ಕೆ ಕೊರೆಯುವ ಯಂತ್ರ ಬಂತು. ಎಣ್ಣೆ ನೆಲದಡಿಯಲ್ಲಿ ಕೆರೆಯ ಹಾಗೆ ನಿಂತಿರುತ್ತದೆ ಎಂದು ಪೇಟೆಯವರು ತಿಳಿದಿದ್ದಾರೆ. ಅದು ಮರಳಿನ ಸಂದುಸಂದಿನಲ್ಲಿ ಸಿಕ್ಕಿಬಿದ್ದಿರುತ್ತದೆ. ಜೊತೆಗಿರುವ ಅನಿಲ ತಳ್ಳಿದರಷ್ಟೇ ಬಾವಿಗೆ ಒಸರುತ್ತದೆ. ಅನಿಲ ಸೋರಿಹೋಯಿತೋ, ಎಣ್ಣೆ ಇದ್ದಲ್ಲೇ ಉಳಿಯುತ್ತದೆ. ಯಂತ್ರದವರು ಹಗಲಿರುಳೂ ಅನಿಲವನ್ನು ಆಕಾಶಕ್ಕೆ ಬಿಡುತ್ತಿದ್ದರು. ನಮ್ಮ ಬಾವಿಗಳು ಬತ್ತತೊಡಗಿದವು.

ಅದೇ ಹೊತ್ತಿಗೆ ತವರೂರು ಬುಜೌನಿಂದ ಸಾಫ್ತಾಳ ತಾಯಿ ಹಾಸಿಗೆ ಹಿಡಿದ ಸುದ್ದಿ ಬಂತು. ಮುದುಕಿ ಮಗಳ ಹೆಸರನ್ನೇ ಕನವರಿಸುತ್ತಿದ್ದಳಂತೆ.

"ಹೋಗಿ ಬರ್ತೀನಿ," ಎಂದಳು ಸಾಫ್ತಾ.

"ಇನ್ನೆರಡು ಮಾರು ಅಷ್ಟೇ. ಎಣ್ಣೆ ವಾಸನೆ ಆಗಲೇ ಮೂಗಿಗೆ ಹೊಡೀತಿದೆ. ಸಿಗ್ಲಿ, ನಾನೇ ಗಾಡಿ ಕಟ್ತೀನಿ."

ಎರಡು ಮಾರು ನಾಲ್ಕಾಯಿತು. ತಾಯಿ ಸತ್ತಳು.

ಮರುದಿನ ಬಿಸಿಲು ಚೆನ್ನಾಗಿತ್ತು. ತುದೋಸೆ ಸೊಂಟಕ್ಕೆ ಹಗ್ಗ ಬಿಗಿದು, ಟೊಪ್ಪಿ ತೆಗೆದು ನನ್ನನ್ನು ಕೇಳಿದ, ತಮ್ಮನನ್ನು ಕೇಳಿದ. ಆಮೇಲೆ ಹೆಂಡತಿಯ ಕಡೆ ತಿರುಗಿದ.

ಸಾಫ್ತಾ ಕನ್ನಡಿಯನ್ನು ಹುಲ್ಲಿನ ಮೇಲೆ ಬೋರಲು ಹಾಕಿದಳು.

"ಒಂದು ಮಾತು ಕಣೇ! ಇವತ್ತು ಬಿಟ್ರೆ ಎದುರಿನವರು ಹೀರಿಬಿಡ್ತಾರೆ."

"ನನ್ನ ಹತ್ರ ಆ ಮಾತಿಲ್ಲ," ಎಂದು ಹೇಳಿ ಬುಜೌ ದಾರಿ ಹಿಡಿದಳು.

ಅವಳು ತಾಯಿಯನ್ನು ಮಣ್ಣು ಮಾಡಿ ಬರುವಷ್ಟರಲ್ಲಿ ಆ ಬಾವಿಗೆ ಬೇರೊಬ್ಬ ಇಳಿದಿದ್ದ. ಗುದ್ದಲಿಯಿಂದ ಎರಡೇಟು ಹಾಕುತ್ತಲೇ ಅನಿಲ ನುಗ್ಗಿ, ಹಗ್ಗದಲ್ಲಿ ಹೆಣ ಮೇಲೆ ಬಂದಿತ್ತು. ಸಾಫ್ತಾ ಅವನ ಮುಖವನ್ನು ಬಹಳ ಹೊತ್ತು ನೋಡಿದಳು.

ಆಮೇಲೂ ಅವಳು ಆ ಮಾತು ಆಡಲಿಲ್ಲ. ಗಂಡನಿಗೆ ಜೋಳದ ಮುದ್ದೆ ಬಡಿಸಿದಳು, ಅಂಗಿ ಒಗೆದಳು, ಜ್ವರ ಬಂದಾಗ ಪಕ್ಕದಲ್ಲೇ ಕೂತಳು. ಅವನು ಟೊಪ್ಪಿ ತೆಗೆದರೆ ಮಾತ್ರ ಎದ್ದು ಒಳಗೆ ಹೋಗುತ್ತಿದ್ದಳು. ಅವನು ಬೇರೆ ಬಾವಿಗಳಿಗೆ ಅಲೆದ. "ಮನೇಲೇ ಕ್ಷಮೆ ಸಿಗದವನನ್ನ ನಾವು ಇಳಿಸಲ್ಲ ಮಾರಾಯಾ," ಎಂದರು ಹಗ್ಗದವರು. ಅಂಥ ತೋಡುಗಾರ ಪೀಪಾಯಿಗೆ ಪಟ್ಟಿ ಬಡಿಯುತ್ತಾ ಮುದುಕನಾದ. ಒಂದೇ ಸೂರಿನಡಿ ಇಬ್ಬರೂ ಸೆರೆಯಾಳುಗಳು. ನನಗೆ ತಡೆಯಲಿಲ್ಲ. "ನಿಂದು ಕಲ್ಲೆದೆ ಕಣೇ!" ಎಂದು ಮುಖದ ಮೇಲೇ ಬೈದುಬಿಟ್ಟೆ.

ನಮ್ಮ ಬೆಟ್ಟದ ತೋಡುಗಾರರಲ್ಲಿ ಹಾಸಿಗೆಯ ಮೇಲೆ ಸತ್ತವನು ತುದೋಸೆ ಒಬ್ಬನೇ.

ಸತ್ತವರಿಗೂ ನಾವು ಹೇಳುವುದು ಅದೇ ಮಾತು. ಗುಂಡಿಯ ಸುತ್ತ ನಿಂತು ಎಲ್ಲರೂ "ದೇವರು ಕ್ಷಮಿಸಲಿ" ಎಂದೆವು. ಸಾಫ್ತಾ ಹೇಳಲಿಲ್ಲ. ಪೆಟ್ಟಿಗೆ ಹಗ್ಗದ ಮೇಲೆ ನೇತಾಡುತ್ತಿತ್ತು. ಪಾದ್ರಿ ಕೆಮ್ಮಿದರು. ಮುದುಕನಾಗಿದ್ದ ಗ್ರಿಗೊರೆ ಹಗ್ಗ ಸಡಿಲಿಸಲಿಲ್ಲ.

"ಹೇಳಿ ಅತ್ತಿಗೆ, ಕೈ ಸೋಲ್ತಾ ಇದೆ."

"ಹೇಳಿದ್ರೆ ಅವನನ್ನ ಇಳಿಸಿಬಿಡ್ತೀರಲ್ಲೋ," ಎಂದಳು ಸಾಫ್ತಾ.

ಇಷ್ಟು ವರ್ಷ ಅವಳನ್ನು ಬೈದದ್ದು ನಾನು. ಹೋಗಿ ಅವಳ ಕೈ ಹಿಡಿದುಕೊಂಡೆ.

ಕೊನೆಗೆ ಅವಳು ಆ ಮಾತು ಹೇಳಿದಳು. ಗ್ರಿಗೊರೆ ಹಗ್ಗ ಬಿಟ್ಟ.